1898ರ ಯುದ್ಧವನ್ನು ಪತ್ರಿಕೆಗಳು ಹುಟ್ಟುಹಾಕಿದವೇ? ಪೀತ ಪತ್ರಿಕೋದ್ಯಮದ ಚರಿತ್ರೆ ಮತ್ತು ಪರಿಣಾಮ

ಪ್ರಶ್ನೆ: ಅಮೆರಿಕದಲ್ಲಿ ಪುಲಿಟ್ಜರ್ ಮತ್ತು ಹರ್ಸ್ಟ್ ಅವರ ಪತ್ರಿಕೆಗಳು ಪೈಪೋಟಿಗೆ ಬಿದ್ದು ಉದ್ರೇಕಕಾರಿ ಸುದ್ದಿಗಳನ್ನು ಬರೆದದ್ದರಿಂದಲೇ 1898ರಲ್ಲಿ ಸ್ಪೇನಿನೊಡನೆ ಯುದ್ಧವಾಯಿತು ಎಂದು ಹಲವೆಡೆ ಓದಿದ್ದೇನೆ. ಇದು ಎಷ್ಟರಮಟ್ಟಿಗೆ ನಿಜ? ಈ ಬಗೆಯ ಪತ್ರಿಕೋದ್ಯಮ ಹುಟ್ಟಿದ್ದು ಹೇಗೆ? ಅದರಿಂದ ಕೆಡುಕು ಮಾತ್ರವೇ ಆಯಿತೇ? ಕಾನೂನಿನ ಮೂಲಕ ಅದನ್ನು ತಡೆಯಲು ಯಾರೂ ಪ್ರಯತ್ನಿಸಲಿಲ್ಲವೇ?

ಉತ್ತರ: ಎರಡು ಪತ್ರಿಕೆಗಳು ಸೇರಿ ಒಂದು ದೇಶವನ್ನು ಯುದ್ಧಕ್ಕೆ ನೂಕಿದವು ಎಂಬ ಮಾತಿಗೆ ಇರುವ ಆಧಾರ ತೀರ ತೆಳುವಾದದ್ದು, ಆ ಕಾಲವನ್ನು ಆಳವಾಗಿ ಅಧ್ಯಯನ ಮಾಡಿದ ಇತಿಹಾಸಕಾರರಲ್ಲಿ ಹಲವರು ಈಗ ಅದನ್ನು ಒಪ್ಪುವುದಿಲ್ಲ. ಹಾಗೆಂದು ಆ ಪತ್ರಿಕೆಗಳಿಂದ ಹಾನಿಯೇ ಆಗಲಿಲ್ಲ ಎಂದು ಭಾವಿಸಬಾರದು. ಹಾನಿ ದೊಡ್ಡದೇ ಆಗಿತ್ತು, ಆದರೆ ಅದನ್ನು ನಾವು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ. ಸರ್ಕಾರಕ್ಕೂ ಸಂಸತ್ತಿಗೂ ತಮ್ಮದೇ ಲೆಕ್ಕಾಚಾರಗಳಿರುತ್ತವೆ, ಮುಖಪುಟದ ಅಬ್ಬರವನ್ನು ಅವು ತಾಳಿಕೊಳ್ಳಬಲ್ಲವು. ತಾಳಿಕೊಳ್ಳಲಾರದವರು ಪತ್ರಿಕೆಯ ಕಣ್ಣಿಗೆ ಬಿದ್ದ ಒಬ್ಬೊಂಟಿ ಮನುಷ್ಯರು: ಕೊಲೆಯ ಆರೋಪ ಹೊತ್ತವನು, ಸಾಕ್ಷಿ ಹೇಳಬೇಕಾದವಳು, ಸತ್ತವರ ಮನೆಯವರು. ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡು ಚರಿತ್ರೆಯನ್ನು ನೋಡೋಣ.

ರೋಚಕ ಸುದ್ದಿಯ ಕಥೆ ಪುಲಿಟ್ಜರ್‌ಗಿಂತ ಅರ್ಧ ಶತಮಾನ ಹಿಂದಿನದು. 1833ರ ಸೆಪ್ಟೆಂಬರಿನಲ್ಲಿ ಬೆಂಜಮಿನ್ ಡೇ ಎಂಬ ಮುದ್ರಕ ನ್ಯೂಯಾರ್ಕಿನಲ್ಲಿ ‘ಸನ್’ ಪತ್ರಿಕೆಯನ್ನು ಆರಂಭಿಸಿ ಒಂದು ಸೆಂಟಿಗೆ ಮಾರತೊಡಗಿದ. ಆಗಿನ ಉಳಿದ ಪತ್ರಿಕೆಗಳ ಬೆಲೆ ಆರು ಸೆಂಟು. ಅವನ್ನು ಕೊಳ್ಳುತ್ತಿದ್ದವರು ವರ್ತಕರು ಮತ್ತು ರಾಜಕಾರಣಿಗಳು, ಅದೂ ವಾರ್ಷಿಕ ಚಂದಾ ಕಟ್ಟಿ. ಡೇ ತನ್ನ ಪತ್ರಿಕೆಯನ್ನು ಹುಡುಗರ ಕೈಗೆ ಕೊಟ್ಟು ಬೀದಿಯಲ್ಲಿ ಕೂಗಿ ಮಾರಿಸಿದ. ಮೇಲ್ನೋಟಕ್ಕೆ ಇದು ವ್ಯಾಪಾರದ ಒಂದು ಸಣ್ಣ ಬದಲಾವಣೆ, ಆದರೆ ಮುಂದಿನದೆಲ್ಲದರ ಬೇರು ಇಲ್ಲೇ ಇದೆ. ಚಂದಾದಾರ ವರ್ಷಕ್ಕೊಮ್ಮೆ ತೀರ್ಮಾನ ಮಾಡುತ್ತಾನೆ. ಬೀದಿಯ ಓದುಗ ಪ್ರತಿದಿನ, ಅದೂ ನಡೆದುಹೋಗುವ ಕೆಲವೇ ಕ್ಷಣಗಳಲ್ಲಿ ತೀರ್ಮಾನ ಮಾಡುತ್ತಾನೆ. ಹಾಗಾಗಿ ಹುಡುಗ ಕೂಗಬಲ್ಲಂಥ ಸುದ್ದಿಯೊಂದು ಪ್ರತಿದಿನವೂ ಬೇಕಾಯಿತು. ಒಂದು ಸೆಂಟಿನಿಂದ ಕಾಗದದ ಖರ್ಚೂ ಸರಿಯಾಗಿ ಹುಟ್ಟುತ್ತಿರಲಿಲ್ಲವಾದ್ದರಿಂದ ಆದಾಯ ಜಾಹೀರಾತಿನಿಂದ ಬರಬೇಕಾಯಿತು, ಜಾಹೀರಾತುದಾರ ಕೇಳುತ್ತಿದ್ದದ್ದು ಪ್ರಸಾರ ಸಂಖ್ಯೆಯನ್ನು.

ಇದರ ಫಲ ಬೇಗನೆ ಕಾಣಿಸಿಕೊಂಡಿತು. 1835ರ ಆಗಸ್ಟಿನಲ್ಲಿ ‘ಸನ್’ ಆರು ಕಂತುಗಳಲ್ಲಿ ಒಂದು ಲೇಖನಮಾಲೆಯನ್ನು ಪ್ರಕಟಿಸಿತು. ಖಗೋಳಶಾಸ್ತ್ರಜ್ಞ ಜಾನ್ ಹರ್ಷೆಲ್ ದಕ್ಷಿಣ ಆಫ್ರಿಕಾದ ಗುಡ್‌ಹೋಪ್ ಭೂಶಿರದಲ್ಲಿ ಹೊಸ ದೂರದರ್ಶಕ ಹೂಡಿ ಚಂದ್ರನ ಮೇಲೆ ಕಾಡುಗಳನ್ನೂ ಪ್ರಾಣಿಗಳನ್ನೂ ಬಾವಲಿಯ ರೆಕ್ಕೆಯುಳ್ಳ ಮನುಷ್ಯರನ್ನೂ ಕಂಡಿದ್ದಾನೆ ಎಂಬುದು ಅದರ ಸಾರ. ಹರ್ಷೆಲ್ ನಿಜವಾದ ವ್ಯಕ್ತಿ, ಆತ ಆಗ ಅಲ್ಲಿದ್ದದ್ದೂ ನಿಜ, ಉಳಿದದ್ದೆಲ್ಲ ಕಟ್ಟುಕಥೆ. ನಿಜದ ಒಂದು ಗೂಟ ನೆಟ್ಟು ಅದಕ್ಕೆ ಕಲ್ಪನೆಯನ್ನು ಕಟ್ಟುವ ಈ ವಿಧಾನವನ್ನು ಗಮನದಲ್ಲಿಡಿ, ಮುಂದೆ 1898ರ ಯುದ್ಧಕ್ಕೆ ನೆಲೆಯಾದ ಕ್ಯೂಬಾ ದ್ವೀಪದ ವಿಷಯದಲ್ಲಿ ಇದೇ ಮರಳಿ ಬರುತ್ತದೆ. ಮರುವರ್ಷ, 1836ರ ಏಪ್ರಿಲ್‌ನಲ್ಲಿ, ಹೆಲೆನ್ ಜ್ಯೂವೆಟ್ ಎಂಬ ವೇಶ್ಯೆಯ ಕೊಲೆ ನಡೆದಾಗ ‘ಹೆರಾಲ್ಡ್’ ಪತ್ರಿಕೆಯ ಜೇಮ್ಸ್ ಗಾರ್ಡನ್ ಬೆನೆಟ್ ಖುದ್ದಾಗಿ ಆ ಮನೆಗೆ ಹೋಗಿ, ಶವವನ್ನು ಕಂಡು, ಅದನ್ನು ಅಮೃತಶಿಲೆಯ ಪ್ರತಿಮೆಯೆಂಬಂತೆ ವರ್ಣಿಸಿ ಬರೆದ. ಕೊಲೆಯಾದ ಕೋಣೆಯೊಳಕ್ಕೆ ಓದುಗನನ್ನು ಕರೆದೊಯ್ಯುವ ಬರವಣಿಗೆ ಅಮೆರಿಕದಲ್ಲಿ ಅಲ್ಲಿಂದ ಬಲವಾಗಿ ಬೇರೂರಿತು. ಆರೋಪಿ ತಪ್ಪಿತಸ್ಥನೆಂದು ಒಂದು ಪತ್ರಿಕೆ, ಅಮಾಯಕನೆಂದು ಇನ್ನೊಂದು ಪತ್ರಿಕೆ ವಾದಿಸಿದ್ದೂ ಇದೇ ಪ್ರಕರಣದಲ್ಲಿ. ಜೂನ್‌ನಲ್ಲಿ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು.

ಜೋಸೆಫ್ ಪುಲಿಟ್ಜರ್ 1883ರಲ್ಲಿ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯನ್ನು ರೈಲ್ವೆ ಉದ್ಯಮಿ ಜೇ ಗೌಲ್ಡ್ ಎಂಬಾತನಿಂದ 3,46,000 ಡಾಲರಿಗೆ ಕೊಂಡಾಗ ಅದು ನಷ್ಟದಲ್ಲಿ ನಡೆಯುತ್ತಿತ್ತು, ಪ್ರಸಾರ ಸುಮಾರು 15,000 ಇತ್ತು. ಕೆಲವೇ ವರ್ಷಗಳಲ್ಲಿ ಅದು ಎರಡೂವರೆ ಲಕ್ಷವನ್ನು ಮುಟ್ಟಿತು. ಪುಲಿಟ್ಜರ್ ಹಂಗೆರಿಯಿಂದ ಬರಿಗೈಯಲ್ಲಿ ವಲಸೆ ಬಂದವನು; ನ್ಯೂಯಾರ್ಕಿನಲ್ಲಿ ಇಂಗ್ಲಿಷನ್ನು ಇನ್ನೂ ಕಲಿಯುತ್ತಿದ್ದ ಲಕ್ಷಾಂತರ ವಲಸಿಗರನ್ನು ಓದುಗರಾಗಿ ಕಂಡವನು. ಅವರಿಗಾಗಿ ವಾಕ್ಯಗಳು ಚಿಕ್ಕದಾದವು, ಚಿತ್ರಗಳು ದೊಡ್ಡದಾದವು, ತಲೆಬರಹಗಳು ಹಲವು ಅಂಕಣಗಳಿಗೆ ಹರಡಿದವು. ಮರದ ತಿರುಳಿನಿಂದ ತಯಾರಾದ ಅಗ್ಗದ ಕಾಗದ, ವೇಗದ ರೋಟರಿ ಮುದ್ರಣಯಂತ್ರ, 1886ರಲ್ಲಿ ಬಳಕೆಗೆ ಬಂದ, ಅಕ್ಷರಗಳನ್ನು ಸಾಲುಸಾಲಾಗಿ ಎರಕಹೊಯ್ಯುವ ಲೈನೋಟೈಪ್ ಯಂತ್ರ, ಇಡೀ ಪುಟದ ಜಾಹೀರಾತು ಕೊಡಬಲ್ಲ ದೊಡ್ಡ ಮಳಿಗೆಗಳು, ಇವೆಲ್ಲವೂ ಒಂದೇ ಕಾಲದಲ್ಲಿ ಕೂಡಿಬಂದವು.

ಆ ಪತ್ರಿಕೆಯಲ್ಲಿ ಅಪರಾಧ ಸುದ್ದಿ, ಹಗರಣ ಎಲ್ಲವೂ ಇದ್ದವು. ಅದೇ ಪುಟಗಳಲ್ಲಿ ಬೇರೆಯದೂ ಇತ್ತು. ನೆಲ್ಲಿ ಬ್ಲೈ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಯುವತಿ 1887ರಲ್ಲಿ ಹುಚ್ಚಿಯಂತೆ ನಟಿಸಿ ಬ್ಲ್ಯಾಕ್‌ವೆಲ್ಸ್ ದ್ವೀಪದ ಮಹಿಳಾ ಮಾನಸಿಕ ಆಸ್ಪತ್ರೆಗೆ ಸೇರಿ, ಹತ್ತು ದಿನ ಅಲ್ಲಿದ್ದು, ಕೊಳೆತ ಆಹಾರವನ್ನೂ ಚಳಿಯಲ್ಲಿ ಹಾಕುತ್ತಿದ್ದ ತಣ್ಣೀರಿನ ಸ್ನಾನವನ್ನೂ ದಾದಿಯರ ಹೊಡೆತವನ್ನೂ ಕಣ್ಣಾರೆ ಕಂಡು ಬರೆದಳು. ಆಕೆಯನ್ನು ಪರೀಕ್ಷಿಸಿದ ವೈದ್ಯರು ಹುಚ್ಚಿಯೆಂದೇ ನಿರ್ಣಯಿಸಿದ್ದರು. ಒಳಹೋದ ಮೇಲೆ ಆಕೆ ಸಾಮಾನ್ಯವಾಗಿಯೇ ನಡೆದುಕೊಂಡರೂ ಯಾರೂ ಅದನ್ನು ಗಮನಿಸಲಿಲ್ಲ. ವರದಿಯ ನಂತರ ಗ್ರ್ಯಾಂಡ್ ಜ್ಯೂರಿ (ಆರೋಪಗಳನ್ನು ಪರಿಶೀಲಿಸುವ ನಾಗರಿಕರ ಮಂಡಳಿ) ತನಿಖೆ ನಡೆಯಿತು, ಆ ಸಂಸ್ಥೆಗಳಿಗೆ ಸಿಗುವ ಅನುದಾನ ಹೆಚ್ಚಿತು. ಶೈಲಿಯಲ್ಲಿ ಇದು ಪೂರ್ತಿ ರೋಚಕ ಪತ್ರಿಕೋದ್ಯಮವೇ: ವೇಷ ಮರೆಸಿಕೊಳ್ಳುವುದು, ಸಾಹಸ, ‘ನಾನು’ ಎಂಬ ನಿರೂಪಣೆ, ಭಾನುವಾರದ ಪುರವಣಿಯ ದೊಡ್ಡ ತಲೆಬರಹ. ಆದರೆ ಬರೆದವಳು ಅಲ್ಲಿದ್ದಳು, ಕಂಡದ್ದನ್ನು ಬರೆದಳು. ಎರಡು ವರ್ಷ ಮೊದಲು, ಸ್ವಾತಂತ್ರ್ಯ ದೇವಿಯ ಪ್ರತಿಮೆಗೆ ಪೀಠ ಕಟ್ಟಲು ಹಣವಿಲ್ಲದೆ ಕೆಲಸ ನಿಂತಾಗ, ಕೊಟ್ಟವರೆಲ್ಲರ ಹೆಸರನ್ನು ಅಚ್ಚುಹಾಕುವುದಾಗಿ ಹೇಳಿ ಒಂದು ಲಕ್ಷಕ್ಕೂ ಹೆಚ್ಚು ಡಾಲರನ್ನು ಒಟ್ಟುಮಾಡಿಕೊಟ್ಟದ್ದೂ ಇದೇ ಪತ್ರಿಕೆ. ಕೊಟ್ಟವರಲ್ಲಿ ಬಹುಪಾಲು ಜನ ಒಂದು ಡಾಲರಿಗಿಂತ ಕಡಿಮೆ ಕೊಟ್ಟವರು. ನೀವು ಕೇಳಿದ ‘ಕೆಡುಕು ಮಾತ್ರವೇ’ ಎಂಬುದಕ್ಕೆ ಇವೆರಡು ಸಾಕಷ್ಟು ಉತ್ತರವಾಗುತ್ತವೆ.

ವಿಲಿಯಂ ರಾಂಡಾಲ್ಫ್ ಹರ್ಸ್ಟ್ 1895ರಲ್ಲಿ ‘ನ್ಯೂಯಾರ್ಕ್ ಜರ್ನಲ್’ ಪತ್ರಿಕೆಯನ್ನು ಕೊಂಡ. ಗಣಿಗಳಿಂದ ಶ್ರೀಮಂತವಾದ ಮನೆತನದ ಮಗ. ತಾಯಿ ಕೊಟ್ಟ ಹಣದ ಬಲ ಬೆನ್ನಿಗಿತ್ತು. ಆತ ಪತ್ರಿಕೆಯ ಬೆಲೆಯನ್ನು ಒಂದು ಸೆಂಟಿಗೆ ಇಟ್ಟ, ಪುಲಿಟ್ಜರನ ಭಾನುವಾರದ ಪುರವಣಿಯ ಇಡೀ ಬಳಗವನ್ನು ಹೆಚ್ಚಿನ ಸಂಬಳ ಕೊಟ್ಟು ಎಳೆದುಕೊಂಡ. ‘ವರ್ಲ್ಡ್’ ಕೂಡ ತನ್ನ ಬೆಲೆಯನ್ನು ಎರಡರಿಂದ ಒಂದು ಸೆಂಟಿಗೆ ಇಳಿಸಬೇಕಾಯಿತು. ರಿಚರ್ಡ್ ಔಟ್‌ಕಾಲ್ಟ್ ಬರೆಯುತ್ತಿದ್ದ, ಹಳದಿ ನಿಲುವಂಗಿ ತೊಟ್ಟ ಬೋಳುತಲೆಯ ಹುಡುಗನ ಚಿತ್ರಮಾಲೆ ‘ವರ್ಲ್ಡ್’ನಲ್ಲಿ ಬಹು ಜನಪ್ರಿಯವಾಗಿತ್ತು, 1896ರಲ್ಲಿ ಕಲಾವಿದನೂ ಹರ್ಸ್ಟ್ ಪಾಳಯ ಸೇರಿದ, ಪುಲಿಟ್ಜರ್ ಮತ್ತೊಬ್ಬನಿಂದ ಅದೇ ಹುಡುಗನನ್ನು ಬರೆಸಿದ. ಹೀಗೆ ಎರಡೂ ಪತ್ರಿಕೆಗಳಲ್ಲಿ ಹಳದಿ ಹುಡುಗ ಕಾಣಿಸತೊಡಗಿದಾಗ, ‘ನ್ಯೂಯಾರ್ಕ್ ಪ್ರೆಸ್’ ಪತ್ರಿಕೆಯ ಸಂಪಾದಕ ಎರ್ವಿನ್ ವಾರ್ಡ್‌ಮನ್ 1897ರ ಆರಂಭದಲ್ಲಿ ಇಬ್ಬರನ್ನೂ ಹಳಿಯಲು ಆ ಬಣ್ಣದ ಹೆಸರನ್ನು ಅಂಟಿಸಿದ. ಪೀತ ಪತ್ರಿಕೋದ್ಯಮ ಎಂಬುದು ಅಲ್ಲಿಂದ ಬಂದದ್ದು.

ಈ ಪೈಪೋಟಿ ದಿನದಿನವೂ ಹೇಗೆ ನಡೆಯುತ್ತಿತ್ತು ಎಂಬುದನ್ನು ತಿಳಿಯಲು 1897ರ ಜೂನ್ ತಿಂಗಳ ಒಂದು ಕೊಲೆ ಪ್ರಕರಣವನ್ನು ಹತ್ತಿರದಿಂದ ನೋಡಬೇಕು. ಈಸ್ಟ್ ನದಿಯಲ್ಲಿ ಮೇಣಬಟ್ಟೆಯಲ್ಲಿ ಸುತ್ತಿದ, ತಲೆಯಿಲ್ಲದ ಶವದ ಒಂದು ಭಾಗ ತೇಲಿಬಂತು. ‘ಜರ್ನಲ್’ ಆ ಮೇಣಬಟ್ಟೆಯ ಹೂವಿನ ವಿನ್ಯಾಸವನ್ನು ಬಣ್ಣದಲ್ಲೇ ಅಚ್ಚುಹಾಕಿ, ಸುಳಿವು ಕೊಟ್ಟವರಿಗೆ ಬಹುಮಾನ ಸಾರಿ, ತನ್ನ ವರದಿಗಾರರನ್ನು ಅಂಗಡಿ ಅಂಗಡಿಗೂ ಅಟ್ಟಿ ಅದನ್ನು ಮಾರಿದವರನ್ನು ಹುಡುಕಿಸಿತು. ಸತ್ತವನು ಸ್ನಾನಗೃಹವೊಂದರಲ್ಲಿ ಅಂಗಮರ್ದನದ ಕೆಲಸ ಮಾಡುತ್ತಿದ್ದ ವಿಲಿಯಂ ಗುಲ್ಡನ್‌ಸುಪ್ಪೆ ಎಂಬುದು ಸಹೋದ್ಯೋಗಿಗಳಿಂದ ತಿಳಿಯಿತು. ಆತನ ಸಂಗಾತಿ ಆಗಸ್ಟಾ ನ್ಯಾಕ್ ಮತ್ತು ಆಕೆಯ ಪ್ರಿಯಕರ ಮಾರ್ಟಿನ್ ಥಾರ್ನ್ ಸಿಕ್ಕಿಬಿದ್ದರು, ಥಾರ್ನ್‌ಗೆ 1898ರಲ್ಲಿ ಮರಣದಂಡನೆಯಾಯಿತು. ಪತ್ರಿಕೆಯ ಹುಡುಕಾಟ ಪೊಲೀಸರಿಗೆ ನೆರವಾಯಿತು ಎಂಬುದನ್ನು ಅಲ್ಲಗಳೆಯಲಾಗದು. ಅಷ್ಟೇ ಗಂಭೀರವಾದ ಇನ್ನೊಂದು ಸಂಗತಿಯೂ ಇಲ್ಲಿದೆ: ತನಿಖೆ ಮಾಡುವವರು, ಅದರ ಸುದ್ದಿ ಬರೆಯುವವರು, ಅದರಿಂದ ಲಾಭ ಮಾಡಿಕೊಳ್ಳುವವರು ಮೂವರೂ ಒಬ್ಬರೇ ಆಗಿಬಿಟ್ಟರು. ಬಂಧಿತ ವ್ಯಕ್ತಿ ನಿರಪರಾಧಿಯಾಗಿರಬಹುದು ಎಂಬ ಸಾಧ್ಯತೆಯನ್ನು ತೆರೆದಿಡುವುದರಲ್ಲಿ ಅಂಥ ಪತ್ರಿಕೆಗೆ ಯಾವ ಆಸಕ್ತಿಯೂ ಉಳಿಯುವುದಿಲ್ಲ. ‘ಜರ್ನಲ್’ ಈ ಪ್ರಕರಣದಲ್ಲಿ ಹಿಡಿದದ್ದು ನಿಜವಾದ ಅಪರಾಧಿಗಳನ್ನೇ. ಆದರೆ ಅದೇ ಯಂತ್ರ ತಪ್ಪು ಮನುಷ್ಯನ ಮೇಲೆ ಹರಿದರೆ ಏನಾಗುತ್ತದೆ ಎಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ಕ್ಯೂಬಾ. ಅಲ್ಲಿ ಸ್ಪೇನಿನ ಆಳ್ವಿಕೆಯ ವಿರುದ್ಧ ದಂಗೆ ಶುರುವಾದದ್ದು 1895ರ ಫೆಬ್ರವರಿಯಲ್ಲಿ, ಹರ್ಸ್ಟ್ ನ್ಯೂಯಾರ್ಕಿಗೆ ಬರುವ ಮುಂಚೆಯೇ. ಸ್ಪೇನಿನ ಸೇನಾಪತಿ ವೈಲರ್ ಹಳ್ಳಿಯ ಜನರನ್ನು ಬಂಡುಕೋರರಿಂದ ಬೇರ್ಪಡಿಸಲು ಅವರನ್ನೆಲ್ಲ ಕಾವಲಿರುವ ಪಟ್ಟಣಗಳಿಗೆ ತಳ್ಳಿದ. ಹಸಿವಿನಿಂದಲೂ ರೋಗದಿಂದಲೂ ಅಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತರೆಂಬುದು ಇತಿಹಾಸಕಾರರ ಅಂದಾಜು. ಪೀತ ಪತ್ರಿಕೆಗಳನ್ನು ದೂರುವ ಭರದಲ್ಲಿ ಈ ಸಂಕಟವೇ ಕಟ್ಟುಕಥೆಯೆಂಬಂತೆ ಮಾತಾಡುವವರಿದ್ದಾರೆ. ಅದು ಸತ್ತವರಿಗೆ ಮಾಡುವ ಅನ್ಯಾಯ. ನಿಜವಾದ ದುರಂತ ಕಣ್ಣೆದುರಿಗೇ ಇರುವಾಗ ಅದರ ಮೇಲೆ ಸುಳ್ಳನ್ನು ಹೇರಿದ್ದೇ ಈ ಪತ್ರಿಕೆಗಳ ದೊಡ್ಡ ಅಪರಾಧ.

1897ರ ಫೆಬ್ರವರಿಯ ಒಂದು ಉದಾಹರಣೆ ನೋಡಿ. ಹವಾನಾದಿಂದ ಹೊರಟಿದ್ದ ‘ಆಲಿವೆಟ್’ ಎಂಬ ಅಮೆರಿಕನ್ ಹಡಗಿನಲ್ಲಿ ಬಂಡುಕೋರರ ಪತ್ರಗಳನ್ನು ಸಾಗಿಸುತ್ತಿದ್ದಾರೆಂಬ ಶಂಕೆಯ ಮೇಲೆ ಕ್ಯೂಬಾದ ಯುವತಿಯರನ್ನು ಸ್ಪೇನಿನ ಅಧಿಕಾರಿಗಳು ಬಟ್ಟೆ ಬಿಚ್ಚಿಸಿ ಶೋಧಿಸಿದರು. ವರದಿಗಾರ ರಿಚರ್ಡ್ ಹಾರ್ಡಿಂಗ್ ಡೇವಿಸ್ ಇದನ್ನು ‘ಜರ್ನಲ್’ಗೆ ಬರೆದು ಕಳಿಸಿದ. ಶೋಧಿಸಿದವರು ಯಾರೆಂಬುದು ಆ ಬರಹದಲ್ಲಿ ಸ್ಪಷ್ಟವಿರಲಿಲ್ಲ. ಆ ಹೊತ್ತಿಗೆ ನ್ಯೂಯಾರ್ಕಿಗೆ ಮರಳಿದ್ದ, ಘಟನೆಯನ್ನು ಕಾಣದ ಚಿತ್ರಕಾರ ಫ್ರೆಡರಿಕ್ ರೆಮಿಂಗ್ಟನ್ ಆ ಬಿಟ್ಟ ಸ್ಥಳವನ್ನು ತಾನೇ ತುಂಬಿದ: ನಗ್ನಳಾಗಿ ನಿಂತ ಯುವತಿ, ಸುತ್ತ ಆಕೆಯ ಬಟ್ಟೆಗಳನ್ನು ತಡಕುತ್ತಿರುವ ಗಂಡಸರು. ಚಿತ್ರ ದೊಡ್ಡದಾಗಿ ಅಚ್ಚಾಯಿತು, ದೇಶವೆಲ್ಲ ಕೆರಳಿತು. ಹಡಗು ದಡ ಸೇರಿ ಆ ಯುವತಿಯರು ಇಳಿದಾಗ ‘ವರ್ಲ್ಡ್’ನ ವರದಿಗಾರ ಅವರನ್ನೇ ಮಾತಾಡಿಸಿದ, ತಮ್ಮನ್ನು ಶೋಧಿಸಿದವರು ಹೆಂಗಸರು, ಗಂಡಸರು ಹೊರಗಿದ್ದರು ಎಂದು ಅವರು ಹೇಳಿದರು. ‘ವರ್ಲ್ಡ್’ ಸತ್ಯ ಹೊರತಂದದ್ದು ಎದುರಾಳಿಯ ಮಾನ ಕಳೆಯುವುದಕ್ಕಾಗಿ ಎಂಬುದು ನಿಜ, ಆದರೆ ಹೊರತಂದಿತು. ಡೇವಿಸ್ ತಾನು ಹಾಗೆ ಬರೆದಿರಲಿಲ್ಲವೆಂದು ಸಿಟ್ಟಿನಿಂದ ಪ್ರತಿಭಟಿಸಿದ. ಇಲ್ಲಿ ಒಬ್ಬನೇ ಒಬ್ಬ ಸುಳ್ಳುಗಾರನನ್ನು ಹುಡುಕಿದರೆ ಸಿಗುವುದಿಲ್ಲ. ವರದಿಗಾರ ಒಂದು ವಿವರವನ್ನು ಸ್ಪಷ್ಟಪಡಿಸಲಿಲ್ಲ, ಚಿತ್ರಕಾರ ಊಹಿಸಿದ, ಕಚೇರಿಯಲ್ಲಿ ಯಾರೂ ಕೇಳಲಿಲ್ಲ, ಊಹೆ ಸಂಗತಿಯಾಗಿ ಮುದ್ರಣಗೊಂಡಿತು. ರೋಚಕ ಪತ್ರಿಕೋದ್ಯಮದ ಸುಳ್ಳುಗಳಲ್ಲಿ ಬಹಳಷ್ಟು ಹುಟ್ಟುವುದು ಹೀಗೆಯೇ.

ಇದೇ ರೆಮಿಂಗ್ಟನ್ ಹೆಸರಿನಲ್ಲಿ ಎಲ್ಲರೂ ಉದ್ಧರಿಸುವ ತಂತಿಯ ಕಥೆಯೊಂದಿದೆ. ಇಲ್ಲಿ ಯುದ್ಧವಿಲ್ಲ, ಮರಳುತ್ತೇನೆ ಎಂದು ಆತ ಹವಾನಾದಿಂದ ತಂತಿ ಕಳಿಸಿದನಂತೆ. ನೀನು ಚಿತ್ರಗಳನ್ನು ಒದಗಿಸು, ನಾನು ಯುದ್ಧವನ್ನು ಒದಗಿಸುತ್ತೇನೆ ಎಂದು ಹರ್ಸ್ಟ್ ಉತ್ತರಿಸಿದನಂತೆ. ಈ ಕಥೆಯ ಏಕೈಕ ಮೂಲ ಜೇಮ್ಸ್ ಕ್ರೀಲ್‌ಮನ್ ಎಂಬ ವರದಿಗಾರ 1901ರಲ್ಲಿ ಪ್ರಕಟಿಸಿದ ನೆನಪುಗಳು. ತಂತಿಗಳ ಪ್ರತಿ ಎಲ್ಲೂ ಸಿಕ್ಕಿಲ್ಲ, ಕ್ರೀಲ್‌ಮನ್ ಆ ದಿನಗಳಲ್ಲಿ ಯೂರೋಪಿನಲ್ಲಿದ್ದ, ಹರ್ಸ್ಟ್ ಅದನ್ನು ಅಲ್ಲಗಳೆದ. ಎಲ್ಲಕ್ಕಿಂತ ಮುಖ್ಯವಾಗಿ, ರೆಮಿಂಗ್ಟನ್ ಹೋದದ್ದೇ 1897ರ ಜನವರಿಯಲ್ಲಿ, ಬಂಡುಕೋರರಿಗೂ ಸ್ಪೇನಿಗೂ ಎರಡು ವರ್ಷಗಳಿಂದ ನಡೆಯುತ್ತಿದ್ದ ಯುದ್ಧವನ್ನು ಚಿತ್ರಿಸಲು. ಅಲ್ಲಿ ಯುದ್ಧವಿಲ್ಲ ಎಂದು ಆತ ತಂತಿ ಕಳಿಸುವುದಕ್ಕೆ ಅರ್ಥವೇ ಇಲ್ಲ. ಅಮೆರಿಕದ ಸಂಶೋಧಕ ಡಬ್ಲ್ಯೂ. ಜೋಸೆಫ್ ಕ್ಯಾಂಬೆಲ್ ಇದನ್ನೆಲ್ಲ ವಿವರವಾಗಿ ಬಿಡಿಸಿಟ್ಟಿದ್ದಾರೆ. ಆದರೂ ಆ ಮಾತು ಸಾಯುವುದಿಲ್ಲ, ಏಕೆಂದರೆ ಒಂದು ಸಂಕೀರ್ಣ ಯುದ್ಧದ ಕಾರಣವನ್ನು ಅದು ಒಬ್ಬನೇ ಖಳನಾಯಕನ ಬಾಯಲ್ಲಿ ಒಂದೇ ವಾಕ್ಯವಾಗಿ ಇಡುತ್ತದೆ. ಪತ್ರಿಕೋದ್ಯಮದ ಮೇಲಿನ ಟೀಕೆಯನ್ನು ಇಂಥದೇ ಕಥೆಯ ಮೇಲೆ ನಿಲ್ಲಿಸುವುದನ್ನು ನಾವಾದರೂ ಬಿಡಬೇಕು.

1898ರ ಫೆಬ್ರವರಿ 15ರ ರಾತ್ರಿ ಹವಾನಾ ಬಂದರಿನಲ್ಲಿ ಅಮೆರಿಕದ ‘ಮೇಯ್ನ್’ ಯುದ್ಧನೌಕೆ ಸ್ಫೋಟಗೊಂಡು 260ಕ್ಕೂ ಹೆಚ್ಚು ಜನ ಸತ್ತರು. ನೌಕೆಯ ಕ್ಯಾಪ್ಟನ್ ಚಾರ್ಲ್ಸ್ ಸಿಗ್ಸ್‌ಬೀ ಅಂದೇ ರಾತ್ರಿ ವಾಷಿಂಗ್ಟನ್ನಿಗೆ ಕಳಿಸಿದ ತಂತಿಯಲ್ಲಿ, ಮುಂದಿನ ವರದಿ ಬರುವವರೆಗೆ ಸಾರ್ವಜನಿಕರು ಅಭಿಪ್ರಾಯವನ್ನು ತಡೆಹಿಡಿಯಬೇಕೆಂದು ಕೋರಿದ್ದ. ಎರಡು ದಿನಗಳ ನಂತರದ ‘ಜರ್ನಲ್’ ಮುಖಪುಟವನ್ನು ಈಗಲೂ ನೋಡಬಹುದು. ನೌಕೆಯ ನಾಶ ಶತ್ರುವಿನ ಕೃತ್ಯ ಎಂಬುದು ಪುಟದಗಲದ ತಲೆಬರಹ. ಅಪರಾಧಿಯನ್ನು ಪತ್ತೆಹಚ್ಚಿದವರಿಗೆ 50,000 ಡಾಲರ್ ಬಹುಮಾನ ಎಂಬ ಘೋಷಣೆ. ನಡುವೆ ದೊಡ್ಡ ಚಿತ್ರ. ಚಿತ್ರದಲ್ಲಿ ನೌಕೆ ಲಂಗರು ಹಾಕಿದೆ, ಅದರ ಕೆಳಗೆ ನೀರಿನಲ್ಲಿ ಸಿಡಿಮದ್ದಿನ ಗುಂಡು, ಅಲ್ಲಿಂದ ದಡಕ್ಕೆ ಎಳೆದ ತಂತಿಗಳು. ಯಾವ ಕಣ್ಣೂ ಕಾಣದ್ದನ್ನು ಅಲ್ಲಿ ನಕ್ಷೆಯಷ್ಟು ಖಚಿತವಾಗಿ ಬರೆಯಲಾಗಿತ್ತು. ಅಪರಾಧಿ ಯಾರೆಂದು ತಲೆಬರಹವೇ ಹೇಳಿಬಿಟ್ಟಿರುವಾಗ ಅವನನ್ನು ಪತ್ತೆಹಚ್ಚಲು ಬಹುಮಾನವನ್ನೂ ಸಾರಲಾಗಿತ್ತು. ಅದೇ ದಿನದ ‘ವರ್ಲ್ಡ್’, ಸ್ಫೋಟಕ್ಕೆ ಬಾಂಬ್ ಇಲ್ಲವೇ ಟಾರ್ಪೀಡೊ ಕಾರಣವೇ ಎಂದು ಪ್ರಶ್ನಾರ್ಥಕ ಚಿಹ್ನೆಯೊಡನೆ ಕೇಳಿತು; ಚಿಹ್ನೆ ಚಿಕ್ಕದು, ಕೆಳಗಿನ ಸ್ಫೋಟದ ಚಿತ್ರ ದೊಡ್ಡದು. ನೌಕಾಪಡೆಯ ತನಿಖಾ ಮಂಡಳಿ ಮಾರ್ಚ್ ಕೊನೆಯಲ್ಲಿ ಹೊರಗಿನಿಂದ ಸಿಡಿಮದ್ದು ಸಿಡಿದಿದೆ ಎಂದಿತು, ಯಾರು ಮಾಡಿದ್ದೆಂದು ಹೇಳಲಿಲ್ಲ. ಅಡ್ಮಿರಲ್ ಹೈಮನ್ ರಿಕೋವರ್ ನೇತೃತ್ವದಲ್ಲಿ 1976ರಲ್ಲಿ ಪ್ರಕಟವಾದ ಅಧ್ಯಯನ, ನೌಕೆಯ ಒಳಗಿನ ಕಲ್ಲಿದ್ದಲು ಉಗ್ರಾಣದಲ್ಲಿ ಹೊತ್ತಿದ ಬೆಂಕಿ ಪಕ್ಕದ ಮದ್ದಿನ ಕೋಣೆಗೆ ತಗುಲಿದ್ದೇ ಕಾರಣವಾಗಿರುವ ಸಂಭವ ಹೆಚ್ಚು ಎಂದು ತೀರ್ಮಾನಿಸಿತು.

ಹಾಗಾದರೆ ಯುದ್ಧ ಏಕಾಯಿತು? ಸ್ಪೇನ್ ಕೊಟ್ಟ ಸ್ವಾಯತ್ತತೆಯನ್ನು ಕ್ಯೂಬಾದ ಬಂಡುಕೋರರು ಒಪ್ಪಲಿಲ್ಲ, ಅವರು ಕೇಳುತ್ತಿದ್ದ ಸ್ವಾತಂತ್ರ್ಯವನ್ನು ಸ್ಪೇನ್ ಕೊಡಲಿಲ್ಲ. ಈ ಬಿಕ್ಕಟ್ಟು ರಾಜತಂತ್ರದಿಂದ ಬಗೆಹರಿಯಲಿಲ್ಲ. ಅಮೆರಿಕಕ್ಕೆ ಆ ದ್ವೀಪದಲ್ಲಿ ಸಕ್ಕರೆಯ ವ್ಯಾಪಾರವಿತ್ತು, ಕೆರಿಬಿಯನ್ ಸಮುದ್ರದ ಮೇಲೆ ಕಣ್ಣಿತ್ತು, ಚುನಾವಣೆಯ ವರ್ಷದ ಒತ್ತಡವಿತ್ತು. ಮಾರ್ಚ್ 17ರಂದು ಸೆನೆಟರ್ ರೆಡ್‌ಫೀಲ್ಡ್ ಪ್ರಾಕ್ಟರ್ ತಾನೇ ಕ್ಯೂಬಾಕ್ಕೆ ಹೋಗಿ ಕಂಡದ್ದನ್ನು ಸೆನೆಟ್‌ನಲ್ಲಿ ಯಾವ ಆವೇಶವೂ ಇಲ್ಲದ ದನಿಯಲ್ಲಿ ವಿವರಿಸಿದ್ದು, ಅಲ್ಲಿಯವರೆಗೆ ಪೀತ ಪತ್ರಿಕೆಗಳನ್ನು ನಂಬದಿದ್ದ ಉದ್ಯಮಿಗಳನ್ನೂ ಧರ್ಮಗುರುಗಳನ್ನೂ ಅಲುಗಿಸಿತು. ನನ್ನ ದೃಷ್ಟಿಯಲ್ಲಿ ಇದು ಬಹಳ ಮಹತ್ವದ ಸಂಗತಿ: ಸಂಯಮದ ಒಂದು ಭಾಷಣ ಮಾಡಿದ ಕೆಲಸವನ್ನು ವರ್ಷಗಟ್ಟಲೆಯ ಅಬ್ಬರ ಮಾಡಿರಲಿಲ್ಲ. ಅಧ್ಯಕ್ಷ ಮೆಕಿನ್ಲಿ ಆಗಲಿ ಆತನ ಸಚಿವರಾಗಲಿ ಈ ಎರಡು ಪತ್ರಿಕೆಗಳ ಸಲಹೆಯಂತೆ ನಡೆದರು ಎಂಬುದಕ್ಕೆ ಅವರ ಪತ್ರಗಳಲ್ಲಾಗಲಿ ದಿನಚರಿಗಳಲ್ಲಾಗಲಿ ನಂಬಲರ್ಹ ಪುರಾವೆ ಸಿಕ್ಕಿಲ್ಲ. ಪತ್ರಿಕೆಗಳು ಜನರ ಸಿಟ್ಟನ್ನು ಹೆಚ್ಚಿಸಿದವು, ರಾಜಿಯ ಮಾತಾಡುವವರಿಗೆ ಜಾಗವನ್ನು ಕಿರಿದುಗೊಳಿಸಿದವು ಎಂದಷ್ಟೇ ಹೇಳಬಹುದು. ‘ಜರ್ನಲ್‌ನ ಯುದ್ಧ ನಿಮಗೆ ಹೇಗನಿಸುತ್ತಿದೆ?’ ಎಂದು ಆ ಪತ್ರಿಕೆ ಮೇ ತಿಂಗಳಲ್ಲಿ ತನ್ನ ಮುಖಪುಟದಲ್ಲೇ ಕೇಳಿತು. ಜಂಬದ ಆ ಮಾತನ್ನೇ ತಪ್ಪೊಪ್ಪಿಗೆಯೆಂದು ನಂತರದವರು ಓದಿದರು.

ಪರಿಣಾಮಗಳಲ್ಲಿ ಕೆಲವು ಆ ಪತ್ರಿಕೆಗಳಿಗೇ ತಿರುಗಿ ಬಂದವು. 1901ರ ಏಪ್ರಿಲ್‌ನಲ್ಲಿ ‘ಜರ್ನಲ್’ ಸಂಪಾದಕೀಯವೊಂದು, ಕೆಟ್ಟ ಸಂಸ್ಥೆಗಳನ್ನೂ ಕೆಟ್ಟ ಮನುಷ್ಯರನ್ನೂ ಕೊಲ್ಲದೆ ತೊಲಗಿಸಲಾಗದಿದ್ದರೆ ಕೊಲ್ಲಲೇಬೇಕು ಎಂಬರ್ಥದ ಮಾತನ್ನು ಬರೆದಿತ್ತು. ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಮೆಕಿನ್ಲಿಗೆ ಗುಂಡಿಕ್ಕಲಾಯಿತು. ಹಂತಕ ಆ ಪತ್ರಿಕೆಯನ್ನು ಓದಿ ಪ್ರೇರಿತನಾದ ಎಂಬುದಕ್ಕೆ ಆಧಾರವಿಲ್ಲ, ಆದರೂ ಜನ ಆ ಮಾತನ್ನು ಮರೆತಿರಲಿಲ್ಲ. ಪತ್ರಿಕೆಯನ್ನು ಬಹಿಷ್ಕರಿಸಿದರು, ಹರ್ಸ್ಟ್‌ನ ಪ್ರತಿಕೃತಿಗಳನ್ನು ಸುಟ್ಟರು. ಇತ್ತ ಅಡಾಲ್ಫ್ ಓಕ್ಸ್ 1896ರಲ್ಲಿ ಕೊಂಡ ‘ನ್ಯೂಯಾರ್ಕ್ ಟೈಮ್ಸ್’, ಅಚ್ಚುಹಾಕಲು ಯೋಗ್ಯವಾದ ಸುದ್ದಿಯೆಲ್ಲವೂ ಇಲ್ಲಿದೆ ಎಂಬ ಘೋಷವಾಕ್ಯವಿಟ್ಟು, 1898ರಲ್ಲಿ ಬೆಲೆಯನ್ನು ಮೂರರಿಂದ ಒಂದು ಸೆಂಟಿಗೆ ಇಳಿಸಿ ಬೆಳೆಯಿತು. ಅಗ್ಗದ ಪತ್ರಿಕೆ ಅಬ್ಬರದ್ದೇ ಆಗಬೇಕಿಲ್ಲ ಎಂಬುದು ಅದರಿಂದ ರುಜುವಾತಾಯಿತು. ಕಣ್ಣು ಕಳೆದುಕೊಂಡು ಕೊನೆಯ ವರ್ಷಗಳನ್ನು ಕಳೆದ ಪುಲಿಟ್ಜರ್, ಪತ್ರಕರ್ತರಿಗೂ ವಕೀಲರಂತೆ, ವೈದ್ಯರಂತೆ ಶಿಕ್ಷಣ ಬೇಕೆಂದು 1904ರಲ್ಲಿ ವಾದಿಸಿದ. ಆತನ ದತ್ತಿಯಿಂದ ಕೊಲಂಬಿಯ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆ 1912ರಲ್ಲಿ ತೆರೆಯಿತು, ಆತನ ಹೆಸರಿನ ಬಹುಮಾನಗಳು 1917ರಿಂದ ಆರಂಭವಾದವು.

ಕಾನೂನಿನ ಬಗೆಗಿನ ನಿಮ್ಮ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ಪ್ರಯತ್ನಗಳು ನಡೆದಿವೆ. 1890ರಲ್ಲಿಯೇ ಬಾಸ್ಟನ್ನಿನ ವಕೀಲರಾದ ಸ್ಯಾಮ್ಯುಯಲ್ ವಾರೆನ್ ಮತ್ತು ಲೂಯಿ ಬ್ರಾಂಡೈಸ್, ಪತ್ರಿಕೆಗಳು ಮನೆಯೊಳಗಿನ ಬದುಕನ್ನು ಬೀದಿಗೆ ತರುತ್ತಿವೆ ಎಂದು ಆಕ್ಷೇಪಿಸಿ, ಖಾಸಗಿತನವನ್ನು ಒಂದು ಹಕ್ಕಾಗಿ ಕಾನೂನು ಗುರುತಿಸಬೇಕೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಕಾನೂನು ನಿಯತಕಾಲಿಕದಲ್ಲಿ ಬರೆದರು. ಅಮೆರಿಕದ ಖಾಸಗಿತನದ ಕಾನೂನು ಬೆಳೆದದ್ದು ಆ ಲೇಖನದಿಂದ.

ನೇರ ನಿಷೇಧದ ಪ್ರಯತ್ನ ನಡೆದದ್ದು ಮಿನೆಸೋಟ ರಾಜ್ಯದಲ್ಲಿ. ದುರುದ್ದೇಶದ, ಹಗರಣಕೋರ, ಮಾನಹಾನಿಕರ ಪತ್ರಿಕೆಯನ್ನು ಸಾರ್ವಜನಿಕ ಉಪದ್ರವವೆಂದು ಪರಿಗಣಿಸಿ ಮುಚ್ಚಿಸಲು ಅವಕಾಶ ಕೊಡುವ ಕಾಯ್ದೆ ಅಲ್ಲಿ 1925ರಲ್ಲಿ ಬಂತು. ಮಿನಿಯಾಪೊಲಿಸ್‌ನಲ್ಲಿ ಜೇ ನಿಯರ್ 1927ರಲ್ಲಿ ಹೊರತಂದ ‘ಸ್ಯಾಟರ್ಡೇ ಪ್ರೆಸ್’ ಇದಕ್ಕೆ ಸಿಕ್ಕಿತು. ಅದು ನಿಜಕ್ಕೂ ಹೊಲಸು ಪತ್ರಿಕೆ. ಯೆಹೂದಿಗಳ ಮೇಲೆ ವಿಷ ಕಾರುತ್ತಿತ್ತು. ಆದರೆ ಜೂಜುಕೋರರಿಗೆ ಪೊಲೀಸ್ ಅಧಿಕಾರಿಗಳ ರಕ್ಷಣೆಯಿದೆ ಎಂಬ ಆರೋಪವನ್ನೂ ಅದು ಮಾಡುತ್ತಿತ್ತು, ಊರಿನಲ್ಲಿ ಭ್ರಷ್ಟಾಚಾರ ಇದ್ದದ್ದೂ ನಿಜ. ಒಂಬತ್ತು ಸಂಚಿಕೆಗಳಲ್ಲಿ ಅದನ್ನು ಮುಚ್ಚಿಸಲಾಯಿತು. 1931ರ ಜೂನ್ 1ರಂದು ಅಮೆರಿಕದ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ಆ ಕಾಯ್ದೆಯನ್ನು ರದ್ದುಪಡಿಸಿತು: ಪ್ರಕಟವಾದದ್ದಕ್ಕೆ ಮಾನಹಾನಿ ಮೊಕದ್ದಮೆ ಹೂಡಬಹುದು, ಪ್ರಕಟವಾಗುವ ಮುನ್ನವೇ ಪತ್ರಿಕೆಯ ಬಾಯಿ ಮುಚ್ಚಿಸಲಾಗದು. ನಲವತ್ತು ವರ್ಷಗಳ ನಂತರ, 1971ರಲ್ಲಿ, ವಿಯೆಟ್ನಾಂ ಯುದ್ಧದ ರಹಸ್ಯ ದಾಖಲೆಗಳ ಪ್ರಕಟಣೆಯನ್ನು ಸರ್ಕಾರ ತಡೆಯಲು ಹೊರಟಾಗ ಪತ್ರಿಕೆಗಳನ್ನು ಕಾಪಾಡಿದ ತೀರ್ಪಿಗೆ ಇದೂ ಒಂದು ಆಧಾರವಾಯಿತು. ಈ ತೀರ್ಪು ಸರಿಯೆಂದೇ ನಾನು ನಂಬುತ್ತೇನೆ. ಯಾವುದು ಹಗರಣಕೋರ ಪತ್ರಿಕೆ ಎಂದು ನಿರ್ಧರಿಸುವ ಅಧಿಕಾರ ಆ ಪತ್ರಿಕೆ ಯಾರ ಹಗರಣವನ್ನು ಬಯಲು ಮಾಡುತ್ತಿದೆಯೋ ಅವರ ಕೈಗೇ ಹೋಗುತ್ತದೆ.

ಆದರೆ ನಾನು ಮೊದಲು ಹೇಳಿದ ಒಬ್ಬೊಂಟಿ ಮನುಷ್ಯನಿಗೆ ಈ ಸ್ವಾತಂತ್ರ್ಯದಿಂದ ರಕ್ಷಣೆ ಎಲ್ಲಿಂದ ಬರಬೇಕು? 1954ರ ಜುಲೈ 4ರಂದು ಕ್ಲೀವ್‌ಲ್ಯಾಂಡ್ ನಗರದ ಹೊರವಲಯದಲ್ಲಿ ವೈದ್ಯ ಸ್ಯಾಮ್ ಶೆಪರ್ಡ್‌ನ ಪತ್ನಿ ಮನೆಯಲ್ಲೇ ಕೊಲೆಯಾದಳು. ತಾನು ಯಾರೋ ಹೊರಗಿನವನೊಡನೆ ಹೋರಾಡಿದೆನೆಂದು ಶೆಪರ್ಡ್ ಹೇಳಿದ. ಸ್ಥಳೀಯ ಪತ್ರಿಕೆ ‘ಕ್ಲೀವ್‌ಲ್ಯಾಂಡ್ ಪ್ರೆಸ್’ ಜುಲೈ 30ರಂದು, ಸ್ಯಾಮ್ ಶೆಪರ್ಡ್ ಏಕೆ ಜೈಲಿನಲ್ಲಿಲ್ಲ ಎಂದು ಮುಖಪುಟದ ಸಂಪಾದಕೀಯದಲ್ಲಿ ಕೇಳಿತು. ಅಂದು ರಾತ್ರಿಯೇ ಆತನ ಬಂಧನವಾಯಿತು. ಜ್ಯೂರಿಗೆ, ಅಂದರೆ ಆರೋಪಿ ತಪ್ಪಿತಸ್ಥನೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿಗೆ, ಆಯ್ಕೆಯಾಗಬಹುದಾದವರ ಹೆಸರು, ವಿಳಾಸಗಳನ್ನು ಪತ್ರಿಕೆಗಳು ವಿಚಾರಣೆಗೆ ಮೊದಲೇ ಅಚ್ಚುಹಾಕಿದವು. ನ್ಯಾಯಾಲಯದೊಳಗೆ ವರದಿಗಾರರ ಮೇಜನ್ನು ಜ್ಯೂರಿಯಿಂದ ಕೆಲವೇ ಅಡಿಗಳ ದೂರದಲ್ಲಿ ಹಾಕಲಾಗಿತ್ತು. ಆರೋಪಿಗೆ ತನ್ನ ವಕೀಲನೊಡನೆ ಗುಟ್ಟಾಗಿ ಮಾತಾಡುವುದೂ ಕಷ್ಟವಾಗಿತ್ತು. ಜೀವಾವಧಿ ಶಿಕ್ಷೆಯಾಗಿ ಆತ ಸುಮಾರು ಹತ್ತು ವರ್ಷ ಸೆರೆಯಲ್ಲಿದ್ದ. 1966ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆ ವಿಚಾರಣೆಯನ್ನು ಅಸಿಂಧುಗೊಳಿಸಿತು, ಅದೇ ವರ್ಷ ನಡೆದ ಮರುವಿಚಾರಣೆಯಲ್ಲಿ ಆತ ನಿರ್ದೋಷಿಯೆಂದು ತೀರ್ಮಾನವಾಯಿತು.

ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಟಾಮ್ ಕ್ಲಾರ್ಕ್ ಪತ್ರಿಕೆಗಳ ಮೇಲೆ ನಿರ್ಬಂಧ ಹೇರಲು ಹೋಗಲಿಲ್ಲ; ತಪ್ಪು ಮುಖ್ಯವಾಗಿ ವಿಚಾರಣೆ ನಡೆಸಿದ ನ್ಯಾಯಾಧೀಶನದು ಎಂದರು. ಊರಿನಲ್ಲಿ ಉದ್ವೇಗ ತಣಿಯುವವರೆಗೆ ವಿಚಾರಣೆಯನ್ನು ಮುಂದೂಡಬಹುದಿತ್ತು, ಬೇರೆ ಊರಿಗೆ ವರ್ಗಾಯಿಸಬಹುದಿತ್ತು, ಜ್ಯೂರಿಯನ್ನು ಪತ್ರಿಕೆಗಳಿಂದ ದೂರವಿರಿಸಬಹುದಿತ್ತು, ನ್ಯಾಯಾಲಯದೊಳಗೆ ವರದಿಗಾರರ ಸಂಖ್ಯೆಯನ್ನೂ ನಡವಳಿಕೆಯನ್ನೂ ಹತೋಟಿಯಲ್ಲಿಡಬಹುದಿತ್ತು, ಪೊಲೀಸರೂ ಸಾಕ್ಷಿಗಳೂ ವಕೀಲರೂ ಪತ್ರಿಕೆಗಳಿಗೆ ಹೇಳಿಕೆ ಕೊಡದಂತೆ ತಡೆಯಬಹುದಿತ್ತು. ಅಮೆರಿಕದ ನ್ಯಾಯಾಲಯಗಳು ಭಾರೀ ಪ್ರಚಾರ ಪಡೆದ ಪ್ರಕರಣಗಳಲ್ಲಿ ಇಂದಿಗೂ ಬಳಸುತ್ತಿರುವುದು ಈ ಉಪಾಯಗಳನ್ನೇ.